ವಿಕಲಚೇತನರ ಹಕ್ಕು, ಮಾನಸಿಕ ಆರೋಗ್ಯದ ಕೇಸು: ನಮ್ಮ ಕಡೆ ಇದನ್ನೇ ವಕೀಲಿ ಮಾಡಿಕೊಂಡವರು ಇದ್ದೀರಾ?

ನವನಗರ ಲಾ ವಿದ್ಯಾರ್ಥಿನಿ

ಎಲ್ಲರಿಗೂ ನಮಸ್ಕಾರ. ನಾನು ಹುಬ್ಬಳ್ಳಿಯಲ್ಲಿ ಐದು ವರ್ಷದ ಲಾ ಕೋರ್ಸಿನ ಕೊನೆ ವರ್ಷದಲ್ಲಿದ್ದೇನೆ. ಬರುವ ವರ್ಷ ವಕೀಲಿಯ ಸನ್ನದು ತೆಗೆದುಕೊಳ್ಳಬೇಕು. ಸಿವಿಲ್ ನೋಡುವ ಸೀನಿಯರ್ ಒಬ್ಬರ ಹತ್ತಿರ ಸೇರು ಅಂತ ಮನೆಯಲ್ಲಿ ಹೇಳುತ್ತಿದ್ದಾರೆ. ನನಗೆ ವಿಕಲಚೇತನರ ಹಕ್ಕು, ಮಾನಸಿಕ ಆರೋಗ್ಯ, ಈ ಕಡೆ ಕೆಲಸ ಮಾಡುವ ಆಸೆ.

ಕಾರಣ ನಮ್ಮ ಕಾಕಾ. ಇಪ್ಪತ್ತೆರಡನೇ ವಯಸ್ಸಿಗೆ ಅವರಿಗೆ ಸ್ಕಿಜೋಫ್ರೇನಿಯಾ ಶುರುವಾಯಿತು. ಮಾತ್ರೆ ತೆಗೆದುಕೊಂಡು ಚೆನ್ನಾಗಿಯೇ ಇದ್ದಾರೆ. ಎತ್ತು ನೋಡಿಕೊಳ್ಳುತ್ತಾರೆ, ಆಳುಗಳ ಲೆಕ್ಕ ಬರೆಯುತ್ತಾರೆ. ಆದರೆ ನಮ್ಮ ಹೊಲ ವಾಟ್ನಿ ಆಗಿ ಪಾಲು ಹಂಚಿದಾಗ ಕಾಕಾನ ಹೆಸರಿಗೆ ಒಂದು ಗುಂಟೆಯೂ ಬರಲಿಲ್ಲ. "ಅವನ್ನ ನಾವ ನೋಡ್ಕೋತೀವಲ್ಲ" ಅಂದರು ದೊಡ್ಡವರು. ನಾನಾಗ ಎಂಟನೇ ಕ್ಲಾಸು. ಕಾಕಾ ಅಂಗಳದಲ್ಲಿ ಕೂತು ಎಲ್ಲ ಕೇಳಿಸಿಕೊಳ್ಳುತ್ತಿದ್ದದ್ದು ಇನ್ನೂ ಕಣ್ಣ ಮುಂದಿದೆ.

ಹುಬ್ಬಳ್ಳಿ-ಧಾರವಾಡದಲ್ಲೇ ಇದ್ದು ಈ ಕೆಲಸ ಮಾಡಲು ಆಗುತ್ತದಾ? ಬೆಂಗಳೂರಿಗೇ ಹೋಗಬೇಕಾ? ಹೊಟ್ಟೆಪಾಡು ನಡೆಯುತ್ತದಾ? ಅನುಭವ ಇದ್ದವರು ದಯವಿಟ್ಟು ಹೇಳಿ.

ಕೇಶ್ವಾಪುರ ಸಿವಿಲ್

ತಂಗಿ, ಇಪ್ಪತ್ತಾರು ವರ್ಷದಿಂದ ಕೋರ್ಟಿನಲ್ಲಿದ್ದೇನೆ. ಇದೊಂದನ್ನೇ ನಂಬಿ ಕೂತರೆ ಆಫೀಸಿನ ಬಾಡಿಗೆ ಕಟ್ಟುವುದು ಕಷ್ಟ. ಮೊದಲು ದಾವೆ ಬರೆಯುವುದು ಕಲಿ. ಪಾಟೀಸವಾಲು ಮಾಡುವುದು ಕಲಿ. ಅದು ಬಂದರೆ ಯಾರ ಪರವಾಗಿ ಬೇಕಾದರೂ ನಿಲ್ಲಬಹುದು. ಅದು ಬರದೆ ಬರೀ ಕಳಕಳಿ ಇದ್ದರೆ ಕಕ್ಷಿದಾರನಿಗೇ ನಷ್ಟ. ಬೇಜಾರಾಗಬೇಡ, ನನ್ನ ಮಗಳಿಗೂ ಇದನ್ನೇ ಹೇಳುತ್ತಿದ್ದೆ.

ಮಾಳಮಡ್ಡಿ ವಕೀಲೆ

ಕೇಶ್ವಾಪುರದ ಸರ್ ಮಾತನ್ನು ನಾನೂ ಒಪ್ಪುತ್ತೇನೆ. ನಾನು ಸನ್ನದು ತೆಗೆದುಕೊಂಡದ್ದು 2006ರಲ್ಲಿ. ಇವತ್ತಿಗೂ ನನ್ನ ಆಫೀಸಿನ ಬಾಡಿಗೆ ಕಟ್ಟುವುದು ವಾಟ್ನಿ ದಾವೆ ಮತ್ತು ಅಪಘಾತ ಪರಿಹಾರದ ಕೇಸುಗಳು. ಆದರೆ ನನ್ನ ಟೇಬಲ್ ಮೇಲಿನ ಫೈಲುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ನೀವು ಕೇಳುತ್ತಿರುವ ಕೆಲಸದ್ದೇ. ಸ್ವಲ್ಪ ಉದ್ದ ಬರೆಯುತ್ತೇನೆ.

ನಾನು ಓದುತ್ತಿದ್ದಾಗ, 2001ರ ಆಗಸ್ಟ್ 6ರಂದು, ತಮಿಳುನಾಡಿನ ಏರ್ವಾಡಿಯಲ್ಲಿ ಒಂದು ಗುಡಿಸಲಿಗೆ ಬೆಂಕಿ ಬಿತ್ತು. ಮಾನಸಿಕ ಕಾಯಿಲೆ ಇದ್ದವರನ್ನು ಅಲ್ಲಿ ಸರಪಳಿ ಹಾಕಿ ಕಟ್ಟಿದ್ದರು. ಓಡಲು ಆಗದೆ 28 ಜನ ಸತ್ತರು. ಸುಪ್ರೀಂ ಕೋರ್ಟು ತಾನಾಗಿಯೇ ಆ ವಿಷಯ ಕೈಗೆತ್ತಿಕೊಂಡಿತು. ನಾನು ಹಾಸ್ಟೆಲಿನಲ್ಲಿ ಆ ಸುದ್ದಿ ಓದಿ ಬಹಳ ಅತ್ತೆ. ಈ ಕೆಲಸವನ್ನೇ ಮಾಡಬೇಕು ಅಂತ ಅವತ್ತೇ ಅಂದುಕೊಂಡೆ.

ಆದರೆ ಅತ್ತದ್ದರಿಂದ ನನಗೆ ಈ ಕೆಲಸ ಬರಲಿಲ್ಲ. ಅದನ್ನು ಕಲಿಸಿದ್ದು ಒಂದು ವಾಟ್ನಿ ಕೇಸು. ಗುರುತು ಸಿಗದ ಹಾಗೆ ವಿವರ ಬದಲಿಸಿ ಹೇಳುತ್ತೇನೆ.

ಕಲಘಟಗಿ ಕಡೆಯ ಒಬ್ಬರು ತಮ್ಮನನ್ನು ಕರೆದುಕೊಂಡು ಬಂದರು. ತಮ್ಮನ ಪಾಲಿನ ಹೊಲವನ್ನು ದಾಯಾದಿಗಳು ಉತಾರದಲ್ಲಿ, ಅಂದರೆ ಜಮೀನಿನ ದಾಖಲೆಯಲ್ಲಿ, ತಮ್ಮ ಹೆಸರಿಗೆ ಮಾಡಿಕೊಂಡಿದ್ದರು. ನಾನು ಒಂದು ತಾಸು ಅಣ್ಣನ ಜೊತೆ ಮಾತಾಡಿದೆ. ಕಾಗದ ನೋಡಿದೆ. ವಕಾಲತ್ತಿಗೆ ಸಹಿ ಹಾಕಿಸಿದೆ. ತಮ್ಮ ಬಾಗಿಲ ಹತ್ತಿರದ ಸ್ಟೂಲಿನ ಮೇಲೆ ಚೀಲ ತಬ್ಬಿಕೊಂಡು ಕೂತಿದ್ದ. ಹೊರಡುವಾಗ ಅವನು "ಅಕ್ಕಾರ, ಒಂದ್ ಗ್ಲಾಸ್ ನೀರ್ ಸಿಗ್ತದೇನ್ರೀ?" ಅಂದ. ಆಗ ನನಗೆ ಹೊಳೆಯಿತು. ಒಂದು ತಾಸಿನಲ್ಲಿ ಅವನನ್ನು ನಾನು ಒಂದು ಮಾತೂ ಕೇಳಿರಲಿಲ್ಲ. ಹೊಲ ಅವನದು, ಕೇಸು ಅವನದು.

ನೀರು ಕೊಟ್ಟು ಮತ್ತೆ ಕೂರಿಸಿದೆ. ಅಣ್ಣನಿಗೆ ಹೊರಗೆ ಚಹಾ ಕುಡಿದು ಬನ್ನಿ ಅಂದೆ. ತಮ್ಮ ನಿಧಾನವಾಗಿ ಮಾತಾಡಿದ. ದಾಯಾದಿಗಳ ಮೇಲೆ ಅವನಿಗೆ ಸಿಟ್ಟಿರಲಿಲ್ಲ. ಭಯ ಇದ್ದದ್ದು ಅಣ್ಣನ ಬಗ್ಗೆ. ಕೇಸು ಗೆದ್ದ ಮೇಲೆ ಹೊಲ ಮಾರುವ ಮಾತಾಗಿತ್ತು. ಅದು ಅವನಿಗೆ ಬೇಕಿರಲಿಲ್ಲ. "ನನಗ ಬಾವಿ ಕಡೆ ಎರಡು ಎಕರೆ ಸಾಕ್ರೀ, ನಾನ ಉಳ್ತೀನಿ" ಅಂದ.

ನೋಡಿ, ಈ ವೃತ್ತಿಯಲ್ಲಿ ಎಲ್ಲದಕ್ಕಿಂತ ದೊಡ್ಡ ಪ್ರಶ್ನೆ ಇದು: ನನ್ನ ಕಕ್ಷಿದಾರ ಯಾರು? ಫೀ ಕೊಡುವವರಾ, ಕರೆದುಕೊಂಡು ಬಂದವರಾ, ಜೋರಾಗಿ ಮಾತಾಡುವವರಾ? ಬೇರೆ ಕೇಸಿನಲ್ಲಿ ಈ ಪ್ರಶ್ನೆ ಏಳುವುದು ಕಡಿಮೆ. ಇಲ್ಲಿ ದಿನವೂ ಏಳುತ್ತದೆ. ಇದಕ್ಕೆ ಸರಿಯಾಗಿ ಉತ್ತರ ಕೊಡದ ವಕೀಲ ಎಷ್ಟು ಸೆಕ್ಷನ್ ಬಾಯಿಪಾಠ ಮಾಡಿದರೂ ಉಪಯೋಗ ಇಲ್ಲ.

ನಿಮ್ಮ ಕಾಕಾನ ವಿಷಯಕ್ಕೆ ಬರುತ್ತೇನೆ. ಹಿಂದೂ ಉತ್ತರಾಧಿಕಾರ ಕಾಯ್ದೆಯ 28ನೇ ಸೆಕ್ಷನ್ ಓದಿ. ರೋಗ, ಊನ, ಅಂಗವೈಕಲ್ಯ ಇದೆ ಅಂತ ಯಾರಿಗೂ ವಾರಸಾ ಹಕ್ಕು ತಪ್ಪಿಸುವ ಹಾಗಿಲ್ಲ. ಇದು 1956ರಿಂದ ಇರುವ ಕಾನೂನು. ಇನ್ನು 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 13ನೇ ಸೆಕ್ಷನ್ ಅವರಿಗೂ ಬೇರೆಯವರ ಹಾಗೆಯೇ ಆಸ್ತಿ ಹೊಂದುವ, ಹಣ ನೋಡಿಕೊಳ್ಳುವ ಹಕ್ಕಿದೆ ಅನ್ನುತ್ತದೆ. ಜೊತೆಗೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 3ನೇ ಸೆಕ್ಷನ್. ಕಾಯಿಲೆ ಇದೆ ಅಂದ ಮಾತ್ರಕ್ಕೆ ಒಬ್ಬರ ಬುದ್ಧಿ ಸ್ವಸ್ಥ ಇಲ್ಲ ಅಂತ ಅರ್ಥ ಅಲ್ಲ. ಹಾಗೆ ಹೇಳಬೇಕಾದರೆ ಕೋರ್ಟೇ ಹೇಳಬೇಕು. ಅಣ್ಣಂದಿರಾಗಲಿ, ಊರ ಹಿರಿಯರಾಗಲಿ ಹೇಳಿದರೆ ಆಗುವುದಿಲ್ಲ.

"ನಾವ ನೋಡ್ಕೋತೀವಲ್ಲ" ಅನ್ನುವ ಮಾತು ಕೆಟ್ಟದ್ದಲ್ಲ. ಎಷ್ಟೋ ಮನೆಗಳು ನಿಜವಾಗಿಯೂ ನೋಡಿಕೊಳ್ಳುತ್ತವೆ. ಆದರೆ ನೋಡಿಕೊಳ್ಳುವುದು ಬೇರೆ, ಅವರ ಪಾಲು ಅವರ ಹೆಸರಿಗೆ ಇರುವುದು ಬೇರೆ. ಹೆಸರಿಗೆ ಎರಡು ಎಕರೆ ಇದ್ದವರನ್ನು ಮನೆಯವರು ಮಾತಾಡಿಸುವ ರೀತಿಯೇ ಬದಲಾಗುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ನವನಗರ ಲಾ ವಿದ್ಯಾರ್ಥಿನಿ

ಮೇಡಂ, ತುಂಬಾ ಧನ್ಯವಾದ. ಎರಡು ಸಲ ಓದಿದೆ. 28ನೇ ಸೆಕ್ಷನ್ ಪರೀಕ್ಷೆಗೆ ಓದಿದ್ದೆ, ಕಾಕಾನಿಗೆ ಅದು ಸಂಬಂಧಿಸುತ್ತದೆ ಅಂತ ಒಂದು ಸಲವೂ ಹೊಳೆದಿರಲಿಲ್ಲ. ದಿನನಿತ್ಯದ ಕೆಲಸ ಹೇಗಿರುತ್ತದೆ ಅಂತ ಹೇಳುತ್ತೀರಾ? ಎಂಥ ಕೇಸುಗಳು ಬರುತ್ತವೆ?

ಮಾಳಮಡ್ಡಿ ವಕೀಲೆ

ಜಾಸ್ತಿ ಬರುವುದು ಕೌಟುಂಬಿಕ ಕೋರ್ಟಿನ ಕೇಸುಗಳು. ಇದನ್ನು ಕಾಲೇಜಿನಲ್ಲಿ ಯಾರೂ ಹೇಳುವುದಿಲ್ಲ.

ಗಂಡ ಡಿವೋರ್ಸ್ ಅರ್ಜಿ ಹಾಕುತ್ತಾನೆ. ಹೆಂಡತಿಗೆ ತಲೆ ಸರಿ ಇಲ್ಲ, ಮದುವೆಗೆ ಮುಂಚೆ ಮುಚ್ಚಿಟ್ಟರು ಅಂತ ಬರೆಸಿರುತ್ತಾನೆ. ಪುರಾವೆ ಏನು ಅಂತ ನೋಡಿದರೆ ಒಂದು ಹೊರರೋಗಿ ಚೀಟಿಯ ಫೋಟೋ. "ಧಾರವಾಡದಲ್ಲಿ ತೋರಿಸಿಕೊಂಡಿರುತ್ತಾಳೆ" ಅಂತ ಒಂದು ಸಾಲು. ನಮ್ಮ ಕಡೆ ಧಾರವಾಡ ಅಂದರೆ ಸಾಕು, ಮುಂದೆ ಏನೂ ಹೇಳಬೇಕಿಲ್ಲ. 1845ರಿಂದ ಇಲ್ಲಿ ಮಾನಸಿಕ ಕಾಯಿಲೆಯ ಆಸ್ಪತ್ರೆ ಇದೆ. ಇವತ್ತು ಅದು ಡಿಮ್ಹಾನ್ಸ್, ಅಲ್ಲಿ ಡಾಕ್ಟರುಗಳು ತಯಾರಾಗುತ್ತಾರೆ. ಜನರ ಬಾಯಲ್ಲಿ ಮಾತ್ರ "ಇವನ್ನ ಧಾರವಾಡಕ್ಕ ಕಳಸ್ಬೇಕು" ಇನ್ನೂ ಬೈಗುಳವೇ. ಈ ಊರಿನವಳಾಗಿ ನನಗೆ ಇದು ಬಹಳ ನೋವಿನ ವಿಷಯ. ಚಿಕಿತ್ಸೆಗೆ ಹೋದದ್ದೇ ಹೆಣ್ಣುಮಗಳೊಬ್ಬಳ ಮೇಲೆ ಪುರಾವೆ ಆಗುತ್ತದೆ ಅಂದರೆ ಯಾರು ಚಿಕಿತ್ಸೆಗೆ ಹೋಗುತ್ತಾರೆ?

ಕಾನೂನು ಅಷ್ಟು ಸಡಿಲ ಇಲ್ಲ. ಹಿಂದೂ ವಿವಾಹ ಕಾಯ್ದೆಯ 13ನೇ ಸೆಕ್ಷನ್ ಪ್ರಕಾರ ಕಾಯಿಲೆಯ ಹೆಸರು ಹೇಳಿದರೆ ಸಾಲದು. ಅದು ಜೊತೆಯಲ್ಲಿ ಬಾಳಲು ಆಗದಷ್ಟು ತೀವ್ರ ಇದೆ ಅಂತ ಸಾಬೀತು ಮಾಡಬೇಕು. ರಾಮ್ ನಾರಾಯಣ್ ಗುಪ್ತಾ ಕೇಸಿನಲ್ಲಿ 1988ರಲ್ಲೇ ಸುಪ್ರೀಂ ಕೋರ್ಟು ಇದನ್ನು ಹೇಳಿತು. 2013ರಲ್ಲಿ ಕೊಲ್ಲಂ ಚಂದ್ರಶೇಖರ್ ಕೇಸಿನಲ್ಲಿ ಸ್ಕಿಜೋಫ್ರೇನಿಯಾ ಇದೆ ಅಂತ ಡಿವೋರ್ಸ್ ಕೇಳಿದ ಗಂಡನಿಗೆ ಅದನ್ನು ಕೊಡಲಿಲ್ಲ. ಈ ಎರಡೂ ತೀರ್ಪು ಪೂರ್ತಿ ಓದಿಕೊಳ್ಳಿ. ಸಾರಾಂಶ ಓದಿದರೆ ಪಾಟೀಸವಾಲಿಗೆ ಸಾಲುವುದಿಲ್ಲ. ಆ ಫೋಟೋ ಎಲ್ಲಿಂದ ಬಂತು ಅಂತಲೂ ಕೇಳಿ. 2017ರ ಕಾಯ್ದೆಯ 23ನೇ ಸೆಕ್ಷನ್ನಿನಲ್ಲಿ ಚಿಕಿತ್ಸೆಯ ವಿವರ ಗುಟ್ಟಾಗಿ ಇರಬೇಕು ಅಂತ ಇದೆ.

ಆಮೇಲೆ ಕೆಲಸ ಕಳೆದುಕೊಂಡವರು, ವಿಮೆ ಹಣ ಸಿಗದವರು, ವಿಕಲಚೇತನ ಪ್ರಮಾಣಪತ್ರಕ್ಕೆ ಅಲೆದವರು. 1995ರ ಹಳೆ ಕಾಯ್ದೆಯಲ್ಲಿ 7 ಬಗೆಯ ಅಂಗವೈಕಲ್ಯ ಇತ್ತು, 2016ರ ಕಾಯ್ದೆಯಲ್ಲಿ 21 ಇದೆ. ಪಾರ್ಕಿನ್ಸನ್, ಹಿಮೋಫಿಲಿಯಾ, ಕಲಿಕೆಯ ತೊಂದರೆ ಎಲ್ಲ ಸೇರಿದೆ. ಆದರೆ ಮೀಸಲಾತಿ ಕೇಳಬೇಕಾದರೆ ಅಂಗವೈಕಲ್ಯ ಕನಿಷ್ಠ ಶೇಕಡಾ 40 ಇರಬೇಕು. 38 ಅಂತ ಬರೆಸಿಕೊಂಡು ಬಂದು ಅಳುವವರನ್ನು ನೋಡುತ್ತಿರುತ್ತೇನೆ. ಅವರಿಗೂ ತಾರತಮ್ಯದ ವಿರುದ್ಧ ರಕ್ಷಣೆ ಇದ್ದೇ ಇದೆ. ಮೊದಲು ಆ ಮಾತು ಹೇಳಿ ಸಮಾಧಾನ ಮಾಡಬೇಕು.

ಬೆಂಗಳೂರಿಗೆ ಹೋಗಬೇಕಾ ಅಂತ ಕೇಳಿದಿರಿ. ನಾನು ಶುರು ಮಾಡಿದಾಗ ಹೈಕೋರ್ಟಿಗೆ ರಿಟ್ ಅರ್ಜಿ ಹಾಕಬೇಕೆಂದರೆ ಬೆಂಗಳೂರಿನ ರಾತ್ರಿ ರೈಲು ಹತ್ತಬೇಕಿತ್ತು. ಗಾಲಿಕುರ್ಚಿಯ ಕಕ್ಷಿದಾರನನ್ನು ಆ ರೈಲಿಗೆ ಹತ್ತಿಸುವುದೇ ಒಂದು ಸಾಹಸ. ಧಾರವಾಡಕ್ಕೆ 2008ರಲ್ಲಿ ಹೈಕೋರ್ಟಿನ ಸಂಚಾರಿ ಪೀಠ ಬಂತು. 2013ರಲ್ಲಿ ಅದು ಕಾಯಂ ಆಯಿತು. ಈಗ ಹಾವೇರಿಯ ತಾಯಿಯೊಬ್ಬಳು ಬೆಳಿಗ್ಗೆ ಬಸ್ಸು ಹತ್ತಿ ಬಂದು ಸಂಜೆ ಮನೆ ಸೇರಬಹುದು. ಇಲ್ಲೇ ಇರಿ. ಇಲ್ಲಿ ಕೆಲಸ ಬೇಕಾದಷ್ಟಿದೆ, ಮಾಡುವವರು ಕಡಿಮೆ.

ಬೆಟಗೇರಿ ತಾಯಿ

ವಕೀಲ ಅಕ್ಕಾರ, ನಿಮ್ಮ ಮಾತು ಓದಿ ನನಗೆ ಸಂಕಟ ಆಯಿತು. ಕಕ್ಷಿದಾರ ಯಾರು ಅಂತ ಕೇಳಿದಿರಿ. ನನ್ನ ಮಗನಿಗೆ ಇಪ್ಪತ್ತೆಂಟು ವರ್ಷ. ಒಂಬತ್ತು ವರ್ಷದಿಂದ ಕಾಯಿಲೆ. ಚೆನ್ನಾಗಿದ್ದಾಗ ಚಿನ್ನದಂಥ ಮಗ. ಮಾತ್ರೆ ಬಿಟ್ಟರೆ ನನ್ನನ್ನೇ ಗುರುತು ಹಿಡಿಯುವುದಿಲ್ಲ. ಹೋದ ಸಲ ರಾತ್ರಿ ಎರಡು ಗಂಟೆಗೆ ಓಣಿಯ ಮನೆಗಳ ಬಾಗಿಲು ಬಡಿದ. ಜನ ಹೊಡೆಯಲು ಬಂದರು. ನಾನು ಎರಡು ದಿನ ಅವನನ್ನು ಕೋಣೆಯಲ್ಲಿ ಹಾಕಿ ಚಿಲಕ ಹಾಕಿದೆ. ಆಸ್ಪತ್ರೆಯೊಂದಕ್ಕೆ ಫೋನ್ ಮಾಡಿದರೆ "ಅವರಿಗೆ ಒಪ್ಪಿಗೆ ಇದೆಯಾ, ಹೊಸ ಕಾಯ್ದೆ ಬಂದಿದೆ" ಅಂದರು. ಒಪ್ಪಿಗೆ ಕೇಳುವ ಸ್ಥಿತಿಯಲ್ಲಿ ಅವನಿದ್ದನಾ? ಅವನ ಹಕ್ಕಿಗೆ ಕಾನೂನು ಇದೆ. ನನಗೆ ಯಾವುದಿದೆ? ನಾನೊಬ್ಬಳೇ. ಅವನ ಅಪ್ಪ ಇಲ್ಲ.

ಸಿಟ್ಟಿನಿಂದ ಕೇಳುತ್ತಿಲ್ಲ. ಚಿಲಕ ಹಾಕಿದ್ದು ಅಪರಾಧವಾ ಅಂತ ರಾತ್ರಿಯೆಲ್ಲ ಯೋಚನೆ ಬರುತ್ತದೆ.

ವಾರ್ಡಿನ ಆಚೆ

ಅಮ್ಮಾ, ನಾನು ಮನೋವೈದ್ಯ ವಿಭಾಗದಲ್ಲಿ ಸಮಾಜ ಕಾರ್ಯಕರ್ತ. ಫೋನಿನಲ್ಲಿ ನಿಮಗೆ ಹೇಳಿದ್ದು ಅರ್ಧ ಸತ್ಯ. ಆ 2017ರ ಕಾಯ್ದೆಯಲ್ಲೇ 89ನೇ ಸೆಕ್ಷನ್ ಅಂತ ಇದೆ. ವ್ಯಕ್ತಿಗೆ ಆ ಹೊತ್ತಿಗೆ ತೀರ್ಮಾನ ಮಾಡಲು ಆಗುತ್ತಿಲ್ಲ, ತನಗೋ ಬೇರೆಯವರಿಗೋ ಅಪಾಯ ಇದೆ ಅಂದರೆ ಅವರ ನಾಮನಿರ್ದೇಶಿತ ಪ್ರತಿನಿಧಿ ಅರ್ಜಿ ಕೊಡಬಹುದು. ಯಾರನ್ನೂ ನೇಮಿಸಿರದಿದ್ದರೆ ಮನೆಯವರೇ ಪ್ರತಿನಿಧಿ ಆಗುತ್ತಾರೆ. ಒಬ್ಬ ಮನೋವೈದ್ಯರು, ಇನ್ನೊಬ್ಬ ವೈದ್ಯರು ಅಥವಾ ಮಾನಸಿಕ ಆರೋಗ್ಯ ವೃತ್ತಿಯವರು ಬೇರೆ ಬೇರೆಯಾಗಿ ಪರೀಕ್ಷೆ ಮಾಡಿ ಒಪ್ಪಿದರೆ 30 ದಿನದವರೆಗೆ ಸೇರಿಸಿಕೊಳ್ಳಬಹುದು. ಏಳು ದಿನದೊಳಗೆ ಆಸ್ಪತ್ರೆಯವರು ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೆ ತಿಳಿಸಬೇಕು. ಹೆಣ್ಣುಮಕ್ಕಳು, ಚಿಕ್ಕವರಾದರೆ ಮೂರು ದಿನ. ತೀರಾ ತುರ್ತು ಇದ್ದರೆ ಯಾವ ನೋಂದಾಯಿತ ವೈದ್ಯರಾದರೂ 72 ಗಂಟೆಯವರೆಗೆ ಚಿಕಿತ್ಸೆ ಕೊಡಬಹುದು. ಅದಕ್ಕೂ ಪ್ರತಿನಿಧಿ ಹತ್ತಿರ ಇದ್ದರೆ ಅವರ ಒಪ್ಪಿಗೆ ಸಾಕು.

ಅಂದರೆ ದಾರಿ ಇತ್ತು. ನಿಮಗೆ ಯಾರೂ ಹೇಳಲಿಲ್ಲ, ಅದು ನಮ್ಮವರ ತಪ್ಪು. ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಬರೆದಿಟ್ಟುಕೊಳ್ಳಿ. ಯಾವ ಹೊತ್ತಿನಲ್ಲಾದರೂ ಕನ್ನಡದಲ್ಲೇ ಮಾತಾಡುತ್ತಾರೆ.

ಲಾ ಓದುತ್ತಿರುವ ತಂಗಿಗೆ ಒಂದು ಮಾತು. ನಮಗೆ ವಕೀಲರು ಬೇಕಾಗುವುದು ಸೇರಿಸುವಾಗ ಅಲ್ಲ, ಬಿಡುಗಡೆ ಆದ ಮೇಲೆ. ಗುಣವಾಗಿ ಬಟ್ಟೆ ಮಡಚಿಟ್ಟುಕೊಂಡು ಕೂತಿರುತ್ತಾರೆ. ಮನೆಯವರು ಕೊಟ್ಟ ಫೋನ್ ನಂಬರ್ ಸ್ವಿಚ್ ಆಫ್. 19ನೇ ಸೆಕ್ಷನ್ ಓದಿ. ಮನೆಯಲ್ಲಿ ಇಟ್ಟುಕೊಳ್ಳುವುದಿಲ್ಲ ಅಂತ ಯಾರನ್ನೂ ಆಸ್ಪತ್ರೆಯಲ್ಲೇ ಉಳಿಸುವ ಹಾಗಿಲ್ಲ. ಸ್ವಂತ ಮನೆಯಲ್ಲಿ ಬಾಳುವ ಹಕ್ಕಿಗಾಗಿ ಅವರಿಗೆ ಕಾನೂನು ನೆರವನ್ನೂ ಸರಕಾರ ಕೊಡಬೇಕು. ಒಬ್ಬ ಅಜ್ಜಿಯ ಜೊತೆ ಒಬ್ಬರು ಯುವ ವಕೀಲರು ಅಜ್ಜಿಯ ಊರಿಗೇ ಹೋದರು. ಜಗಳ ಮಾಡಲಿಲ್ಲ. ಮನೆ ಅಜ್ಜಿಯ ಹೆಸರಿನಲ್ಲೇ ಇರುವ ಉತಾರವನ್ನು ಸೊಸೆಯ ಮುಂದೆ ಇಟ್ಟು, ಚಹಾ ಕುಡಿದು ಬಂದರು. ಅಜ್ಜಿ ಈಗ ಆ ಮನೆಯ ಪಡಸಾಲೆಯಲ್ಲಿ ಮಲಗುತ್ತಾರೆ. ತಿಂಗಳಿಗೊಮ್ಮೆ ಮಾತ್ರೆಗೆ ಬಂದಾಗ ನಮಗೆಲ್ಲ ಶೇಂಗಾ ತರುತ್ತಾರೆ.

ಮಾಳಮಡ್ಡಿ ವಕೀಲೆ

ಬೆಟಗೇರಿ ಅಕ್ಕಾರ, ನಿಮ್ಮ ಪ್ರಶ್ನೆ ನನ್ನ ಮನಸ್ಸಿನಿಂದ ಹೋಗುತ್ತಿಲ್ಲ. ನೇರವಾಗಿಯೇ ಹೇಳುತ್ತೇನೆ.

ಸರಪಳಿ ಹಾಕಿ ಕಟ್ಟುವುದನ್ನು ಕಾಯ್ದೆಯ 95ನೇ ಸೆಕ್ಷನ್ ಪೂರ್ತಿ ನಿಷೇಧಿಸಿದೆ. ಕೋಣೆಯಲ್ಲಿ ಕೂಡಿ ಹಾಕುವುದನ್ನು ಸರಿ ಅಂತ ನಾನು ಹೇಳಲಾರೆ. ಹೇಳಿದರೆ ನಿಮ್ಮ ಮಗನಿಗೆ ಅನ್ಯಾಯ. ಆದರೆ ಆ ರಾತ್ರಿ ಓಣಿಯ ಜನರ ಹೊಡೆತದಿಂದ ಅವನನ್ನು ಉಳಿಸಿದವರು ನೀವೊಬ್ಬರೇ. ನಿಮ್ಮನ್ನು ಅಪರಾಧಿ ಅನ್ನುವವರು ಆ ರಾತ್ರಿ ನಿಮ್ಮ ಜಾಗದಲ್ಲಿ ನಿಂತು ನೋಡಬೇಕು. ತಪ್ಪು ಬೇರೆ ಕಡೆ ಇದೆ. ಆಸ್ಪತ್ರೆಗೂ ಮನೆಗೂ ನಡುವೆ ಇರಬೇಕಾದ ಜಾಗಗಳನ್ನು, ಅಂದರೆ ಚೇತರಿಕೆಯ ಮನೆಗಳನ್ನು ಸರಕಾರ ಮಾಡಿಕೊಡಬೇಕು ಅಂತ ಅದೇ ಕಾಯ್ದೆ ಹೇಳುತ್ತದೆ. ಅಂಥವು ಸಾಕಷ್ಟು ಇದ್ದಿದ್ದರೆ ನೀವು ಚಿಲಕ ಹಾಕುವ ಸ್ಥಿತಿ ಬರುತ್ತಿರಲಿಲ್ಲ. ನಾವು ವಕೀಲರು ಕೋರ್ಟಿನ ಮುಂದೆ ಇದನ್ನು ಇನ್ನೂ ಗಟ್ಟಿಯಾಗಿ ಕೇಳಬೇಕಿತ್ತು.

ನನ್ನ ಅನುಭವವನ್ನೂ ಹೇಳಬೇಕು. ಮೊದಮೊದಲು ನಾನು ಮನೆಯವರನ್ನು ಎದುರಾಳಿ ಅಂತಲೇ ನೋಡುತ್ತಿದ್ದೆ. ಅದರಿಂದ ಎರಡು ಕೇಸಿನಲ್ಲಿ ಕಕ್ಷಿದಾರರಿಗೆ ಇದ್ದ ಒಂದೇ ಆಸರೆಯೂ ತಪ್ಪಿತು. ಕಕ್ಷಿದಾರ ಅವನೇ, ಅದರಲ್ಲಿ ಬದಲಿಲ್ಲ. ಆದರೆ ಅವನು ರಾತ್ರಿ ಊಟ ಮಾಡುವುದು ನಿಮ್ಮ ಕೈಯಿಂದ. ಅದನ್ನು ಮರೆತರೆ ಕೇಸು ಗೆದ್ದರೂ ಅವನಿಗೆ ಸಿಗುವುದು ಏನು?

ಒಂದು ಕೆಲಸ ಮಾಡಿ. ಈಗ ಮಗ ಆರಾಮ ಇದ್ದಾನಾ? ಇದ್ದರೆ ಇದೇ ಸರಿಯಾದ ಸಮಯ. 5ನೇ ಸೆಕ್ಷನ್ನಿನಲ್ಲಿ ಮುಂಗಡ ನಿರ್ದೇಶನ ಅಂತ ಇದೆ. ಮುಂದೆ ಕಾಯಿಲೆ ಜೋರಾಗಿ ತನಗೆ ತೀರ್ಮಾನ ಮಾಡಲು ಆಗದೆ ಹೋದರೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ, ತನ್ನ ಪರವಾಗಿ ಯಾರು ಮಾತಾಡಬೇಕು ಅಂತ ಅವನೇ ಈಗ ಬರೆದಿಡಬಹುದು. ಅವನು ಬರೆಯಲಿ. ನೀವು ಪಕ್ಕದಲ್ಲಿರಿ, ಆದರೆ ಹೇಳಿಕೊಡಬೇಡಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋದರೆ ವಕೀಲರ ಸಹಾಯ ಪುಕ್ಕಟೆ. ವಿಕಲಚೇತನರಿಗೆ, ಹೆಣ್ಣುಮಕ್ಕಳಿಗೆ ಆದಾಯ ಎಷ್ಟು ಅಂತ ಕೇಳುವ ಹಾಗೇ ಇಲ್ಲ. 1987ರ ಕಾಯ್ದೆಯಲ್ಲೇ ಇದೆ. ನೀವಿಬ್ಬರೂ ಅದರಲ್ಲಿ ಬರುತ್ತೀರಿ.

ರಾಣೆಬೆನ್ನೂರು ಮಾಸ್ತರ

ಇಷ್ಟು ದಿನ ಸುಮ್ನೆ ಓದಿಕೊಂಡು ಹೋಗುತ್ತಿದ್ದೆ. ಇವತ್ತು ಬರೆಯಬೇಕು ಅನಿಸಿತು.

ನಾನು ಶಿಕ್ಷಕ. ನನಗೆ ಬೈಪೋಲಾರ್ ಇದೆ. ಕೆಲವು ವರ್ಷದ ಹಿಂದೆ ಕಾಯಿಲೆ ಏರಿದ ಹೊತ್ತಿನಲ್ಲಿ ಸ್ಟಾಫ್ ರೂಮಿನಲ್ಲಿ ಜೋರು ಮಾತಾಡಿದೆ, ಎರಡು ವಾರ ಹೇಳದೆ ರಜೆ ಹಾಕಿದೆ. ಆಡಳಿತ ಮಂಡಳಿ ವಿಚಾರಣೆ ಇಟ್ಟಿತು. "ನೀವೇ ರಾಜೀನಾಮೆ ಕೊಟ್ಟರೆ ಮರ್ಯಾದೆ ಉಳಿಯುತ್ತದೆ" ಅಂದರು. ನಾನು ಕಾಗದವನ್ನೂ ಬರೆದಿಟ್ಟಿದ್ದೆ.

ತಡೆದವರು ಒಬ್ಬ ಯುವ ವಕೀಲರು. ಕೆಲಸದಲ್ಲಿ ತಾರತಮ್ಯ ಮಾಡಬಾರದು ಅನ್ನುವ 2016ರ ಕಾಯ್ದೆಯ 20ನೇ ಸೆಕ್ಷನ್ ತೋರಿಸಿದರು. ಆಮೇಲೆ 2021ರ ಡಿಸೆಂಬರಿನಲ್ಲಿ ಬಂದ ರವೀಂದರ್ ಕುಮಾರ್ ಧಾರಿವಾಲ್ ತೀರ್ಪು ತಂದರು. ಸಿಆರ್‌ಪಿಎಫ್‌ನ ಒಬ್ಬ ಅಧಿಕಾರಿಯ ಕೇಸು ಅದು. ಮಾನಸಿಕ ಕಾಯಿಲೆ ಇರುವವರ ನಡತೆಯಲ್ಲಿ ತಪ್ಪು ಕಂಡರೆ, ಕಾಯಿಲೆ ಅದಕ್ಕೆ ಒಂದು ಕಾರಣ ಆಗಿದ್ದರೂ ಸಾಕು, ಅವರ ಮೇಲೆ ಶಿಸ್ತುಕ್ರಮ ಶುರು ಮಾಡುವುದೇ ತಾರತಮ್ಯ ಅಂತ ಸುಪ್ರೀಂ ಕೋರ್ಟು ಹೇಳಿದೆ. ಆ ವಕೀಲರು ಮಂಡಳಿಯ ಜೊತೆ ಜಗಳಕ್ಕೆ ನಿಲ್ಲಲಿಲ್ಲ. ನನಗೆ ಏನು ಬೇಕು ಅಂತ ಕೇಳಿದರು. ಬೆಳಗಿನ ಮೊದಲ ಪೀರಿಯಡ್ ಬೇಡ, ರಾತ್ರಿ ಮಾತ್ರೆಯಿಂದ ಬೆಳಿಗ್ಗೆ ಮಂಪರು ಇರುತ್ತದೆ ಅಂದೆ. ಅದನ್ನೇ ಕೇಳಿದರು. ಅದನ್ನೇ ಕೊಟ್ಟರು.

ಆರು ವರ್ಷದಿಂದ ನನ್ನನ್ನು ಆ ಪ್ರಶ್ನೆ ಯಾರೂ ಕೇಳಿರಲಿಲ್ಲ. ಹೆಂಡತಿಯನ್ನು ಕೇಳುತ್ತಿದ್ದರು, ಅಣ್ಣನನ್ನು ಕೇಳುತ್ತಿದ್ದರು. ಈಗ ಎರಡನೇ ಪೀರಿಯಡ್‌ನಿಂದ ಪಾಠ ಮಾಡುತ್ತೇನೆ. ನನ್ನ ಕ್ಲಾಸಿನ ಗಣಿತದ ಫಲಿತಾಂಶ ಚೆನ್ನಾಗಿದೆ.

ಕೇಶ್ವಾಪುರ ಸಿವಿಲ್

ಮಾಸ್ತರರೇ, ಓದಿ ಸಂತೋಷವಾಯಿತು. ಧಾರಿವಾಲ್ ತೀರ್ಪು ನಾನು ಓದಿರಲಿಲ್ಲ. ಇವತ್ತೇ ತೆಗೆದು ಓದುತ್ತೇನೆ. ನನ್ನ ಹತ್ತಿರವೂ ಇಂಥದೇ ಒಬ್ಬ ಕಂಡಕ್ಟರ್ ಬಂದಿದ್ದರು. ಅವರಿಗೆ ನಾನು ರಾಜಿ ಮಾಡಿಕೊಳ್ಳಿ ಅಂತ ಹೇಳಿ ಕಳಿಸಿಬಿಟ್ಟೆ. ಅವರ ನಂಬರ್ ಹುಡುಕುತ್ತೇನೆ.

ಗದಗಿನ ಜೂನಿಯರ್

ನನಗೆ ಹುಟ್ಟಿನಿಂದ ಕಣ್ಣಿಲ್ಲ. ಸನ್ನದು ಸಿಕ್ಕು ಮೂರು ವರ್ಷ. ಗದಗಿನವನು ಅಂದ ಕೂಡಲೇ ಎಲ್ಲರೂ "ಹಾಡ್ತೀರಾ?" ಅಂತ ಕೇಳುತ್ತಾರೆ. ಪುಟ್ಟರಾಜ ಗವಾಯಿಗಳ ಊರು, ಕೇಳುವುದು ಸಹಜ. ನಾನೂ ಚಿಕ್ಕವನಿದ್ದಾಗ ಹಾರ್ಮೋನಿಯಂ ಕಲಿತೆ. ಸರಕಾರಕ್ಕೆ ನಮ್ಮ ನೆನಪೇ ಇಲ್ಲದ ಕಾಲದಲ್ಲಿ ವೀರೇಶ್ವರ ಪುಣ್ಯಾಶ್ರಮ ಕಣ್ಣಿಲ್ಲದ ಮಕ್ಕಳಿಗೆ ಅನ್ನ, ವಿದ್ಯೆ, ಮರ್ಯಾದೆ ಕೊಟ್ಟಿತು. ಆ ಋಣ ದೊಡ್ಡದು. ಆದರೆ ನನಗೆ ಹಾಡುವುದಕ್ಕಿಂತ ವಾದ ಮಾಡುವುದು ಇಷ್ಟ. ಕಣ್ಣಿಲ್ಲದವರಿಗೆ ಆ ಆಯ್ಕೆಯೂ ಇರಬೇಕಲ್ವಾ?

ಸುಪ್ರೀಂ ಕೋರ್ಟಿನಲ್ಲಿ ಎಸ್.ಕೆ. ರುಂಗ್ಟಾ ಅಂತ ಹಿರಿಯ ವಕೀಲರಿದ್ದಾರೆ. ಅವರಿಗೂ ದೃಷ್ಟಿ ಇಲ್ಲ. ಸರಕಾರಿ ಕೆಲಸದ ಮೀಸಲಾತಿಯನ್ನು ಒಟ್ಟು ಹುದ್ದೆಗಳ ಮೇಲೆ ಲೆಕ್ಕ ಹಾಕಬೇಕು ಅಂತ 2013ರ ಅಕ್ಟೋಬರಿನಲ್ಲಿ ಬಂತಲ್ಲ, ನ್ಯಾಷನಲ್ ಫೆಡರೇಷನ್ ಆಫ್ ದಿ ಬ್ಲೈಂಡ್ ತೀರ್ಪು, ಆ ಕೇಸಿನಲ್ಲಿ ವಾದಿಸಿದವರು ಅವರೇ. ನ್ಯಾಯಾಧೀಶರ ಹುದ್ದೆಗೂ ದೃಷ್ಟಿ ಇಲ್ಲ ಅಂತ ನಮ್ಮನ್ನು ತಡೆಯುವ ಹಾಗಿಲ್ಲ ಅಂತ 2025ರ ಮಾರ್ಚ್ 3ರಂದು ಸುಪ್ರೀಂ ಕೋರ್ಟು ಹೇಳಿತು. ಆ ಸುದ್ದಿಯನ್ನು ಫೋನಿನಲ್ಲಿ ಮೂರು ಸಲ ಕೇಳಿಸಿಕೊಂಡೆ.

ದಿನದ ಕಷ್ಟ ಬೇರೆ ಥರ. ನನ್ನ ಫೋನು, ಲ್ಯಾಪ್‌ಟಾಪು ಅಕ್ಷರಗಳನ್ನು ಓದಿ ಹೇಳುತ್ತವೆ. ಯೂನಿಕೋಡ್ ಕನ್ನಡ ಇದ್ದರೆ ಸಲೀಸು. ಹಳೆ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ದಾವೆ ಕಳಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಓದುತ್ತದೆ. ಸ್ಕ್ಯಾನ್ ಮಾಡಿದ ದೋಷಾರೋಪ ಪಟ್ಟಿ ಕಳಿಸಿದರೆ ಏನೂ ಓದುವುದಿಲ್ಲ. ಅವ್ವ ಏಳನೇ ಕ್ಲಾಸು ಓದಿದ್ದಾಳೆ. ರಾತ್ರಿ ಕೂತು ಪಂಚನಾಮೆ ನನಗೆ ಓದಿ ಹೇಳುತ್ತಾಳೆ. ಈಗ ಅವಳಿಗೆ ಯಾವ ಪಂಚನಾಮೆ ಸುಳ್ಳು ಅಂತ ನನಗಿಂತ ಮೊದಲು ಗೊತ್ತಾಗುತ್ತದೆ.

ಈ ಕೆಲಸಕ್ಕೆ ಬರುತ್ತೀರಾದರೆ ತಂಗಿ, ಮೊದಲ ದಿನದಿಂದ ಎಲ್ಲವನ್ನೂ ಯೂನಿಕೋಡ್‌ನಲ್ಲಿ ಟೈಪ್ ಮಾಡಿಸಿ. ಅದಕ್ಕೆ ಒಂದು ಪೈಸೆ ಖರ್ಚಿಲ್ಲ.

ಮಾಳಮಡ್ಡಿ ವಕೀಲೆ

ನನ್ನ ಆಫೀಸಿನ ಟೈಪಿಸ್ಟ್‌ಗೆ ಇವತ್ತೇ ಹೇಳಿದೆ. ಇಷ್ಟು ವರ್ಷ ನುಡಿಯಲ್ಲೇ ಮಾಡಿಸುತ್ತಿದ್ದೆ, ಇದು ನನಗೆ ತಿಳಿದೇ ಇರಲಿಲ್ಲ. ಧನ್ಯವಾದ ತಮ್ಮಾ.

ಇನ್ನೊಂದಿಷ್ಟು ರೂಢಿಯ ವಿಷಯ, ಬರೆದಿಟ್ಟುಕೊಳ್ಳಿ. ಮಾನಸಿಕ ಕಾಯಿಲೆಯ ಕಕ್ಷಿದಾರರನ್ನು ಮಾತ್ರೆಯ ಮಂಪರು ಇಳಿದ ಮೇಲೆ ಭೇಟಿ ಮಾಡಿ. ಯಾವ ಹೊತ್ತು ಅಂತ ಅವರನ್ನೇ ಕೇಳಿ. ಕೋರ್ಟಿನ ವರಾಂಡದಲ್ಲಿ ನಾಲ್ಕು ತಾಸು ಕಾಯುವುದು ಅವರಿಗೆ ನರಕ. ಕೇಸನ್ನು ಮೊದಲು ಕರೆಯಿರಿ ಅಂತ ಅರ್ಜಿ ಕೊಡಿ. ಇಲ್ಲಿಯವರೆಗೆ ನನಗೆ ಯಾವ ನ್ಯಾಯಾಧೀಶರೂ ಇಲ್ಲ ಅಂದಿಲ್ಲ. ಮೆಟ್ಟಿಲು ಹತ್ತಲಾಗದವರ ಕೇಸು ಮೇಲಿನ ಮಹಡಿಯಲ್ಲಿದ್ದರೆ ಕೆಳಗೆ ತರಿಸಿ. ಕಿವಿ ಕೇಳದವರಿಗೆ ಸನ್ನೆ ಭಾಷೆಯವರನ್ನು ಕರೆಸಿ. ಇದನ್ನೆಲ್ಲ ದಯೆ ಅಂತ ಕೇಳಬೇಡಿ. 2016ರ ಕಾಯ್ದೆಯ 12ನೇ ಸೆಕ್ಷನ್ ಬರೆದು ಕೇಳಿ. ಮತ್ತು ಅರ್ಜಿಯಲ್ಲಿ ಹುಚ್ಚ, ಬುದ್ಧಿಭ್ರಮಣೆ ಅನ್ನುವ ಪದ ಯಾವತ್ತೂ ಬರೆಯಬೇಡಿ. ಗುಮಾಸ್ತರು ಹಳೆ ನಮೂನೆ ನೋಡಿ ಟೈಪ್ ಮಾಡಿರುತ್ತಾರೆ. ಸಹಿ ಹಾಕುವ ಮುಂಚೆ ನೀವೇ ಓದಿ.

ದಣಿವಿನ ಬಗ್ಗೆಯೂ ಹೇಳಬೇಕು. 2014ರಲ್ಲಿ ನನ್ನ ಕಕ್ಷಿದಾರ ಹುಡುಗಿಯೊಬ್ಬಳು ತೀರಿಕೊಂಡಳು. ಅದಕ್ಕೂ ಮೊದಲು ಅವಳು ಒಂದು ಸಲ ಜೀವ ಕಳೆದುಕೊಳ್ಳಲು ಹೋಗಿ ಉಳಿದಿದ್ದಳು. ಆಗಿನ ಕಾನೂನಿನಲ್ಲಿ ಅದು ಅಪರಾಧ. ಅವಳ ಮೇಲೆ ಭಾರತೀಯ ದಂಡ ಸಂಹಿತೆಯ 309ನೇ ಕಲಂ ಕೇಸು. ಆಸ್ಪತ್ರೆಯ ಮಂಚದಿಂದ ಎದ್ದವಳು ಆರೋಪಿಯಾಗಿ ಕೋರ್ಟಿಗೆ ಬರಬೇಕಿತ್ತು. ತಾರೀಖಿಗೆ ಬಂದಾಗಲೆಲ್ಲ ಮುಖ ಮುಚ್ಚಿಕೊಂಡು ನಿಲ್ಲುತ್ತಿದ್ದಳು. ಅವಳು ಹೋದ ಮೇಲೆ ನಾನು ಮೂರು ತಿಂಗಳು ಕೋರ್ಟಿಗೆ ಹೋಗಲಿಲ್ಲ. ನನಗೂ ಡಾಕ್ಟರ ಹತ್ತಿರ ಹೋಗಬೇಕಾಯಿತು, ಮಾತ್ರೆ ತೆಗೆದುಕೊಂಡೆ. ಧಾರವಾಡದವಳು ಧಾರವಾಡದಲ್ಲೇ ತೋರಿಸಿಕೊಂಡೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2018ರಲ್ಲಿ ಜಾರಿಗೆ ಬಂತು. ಅಂಥವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ತಿಳಿಯಬೇಕು, ಶಿಕ್ಷೆ ಕೊಡುವ ಹಾಗಿಲ್ಲ, ಆರೈಕೆ ಕೊಡಬೇಕು ಅಂತ 115ನೇ ಸೆಕ್ಷನ್ ಬಂತು. 2024ರ ಜುಲೈಯಿಂದ ಹಳೆ 309 ಕಾನೂನಿನಲ್ಲೇ ಇಲ್ಲ. 115ನೇ ಸೆಕ್ಷನ್ ಮೊದಲ ಸಲ ಓದಿದ ದಿನ ಅವಳ ಫೈಲು ತೆಗೆದು ಟೇಬಲ್ ಮೇಲೆ ಇಟ್ಟುಕೊಂಡು ಬಹಳ ಹೊತ್ತು ಕೂತಿದ್ದೆ.

ಈ ಕೆಲಸಕ್ಕೆ ಬರುವವರು ತಮ್ಮ ಮನಸ್ಸನ್ನೂ ನೋಡಿಕೊಳ್ಳಬೇಕು. ನಾಚಿಕೆ ಬೇಡ.

ನವನಗರ ಲಾ ವಿದ್ಯಾರ್ಥಿನಿ

ಮೇಡಂ, ಎಲ್ಲರಿಗೂ ಕೈಮುಗಿಯುತ್ತೇನೆ. ಕೇಶ್ವಾಪುರದ ಸರ್ ಹೇಳಿದ ಹಾಗೆ ಸಿವಿಲ್ ಸೀನಿಯರ್ ಹತ್ತಿರವೇ ಸೇರುತ್ತೇನೆ. ದಾವೆ ಬರೆಯುವುದು ಕಲಿಯುತ್ತೇನೆ. ವಾರಕ್ಕೆ ಒಂದು ದಿನ ನಿಮ್ಮ ಆಫೀಸಿಗೆ ಬರಬಹುದಾ?

ಭಾನುವಾರ ಊರಿಗೆ ಹೋಗಿದ್ದೆ. ಮನೆಯವರ ಹತ್ತಿರ ಇನ್ನೂ ಏನೂ ಮಾತಾಡಿಲ್ಲ. ಮೊದಲು ಕಾಕಾನನ್ನು ಕೇಳಬೇಕು ಅನಿಸಿತು. ದನದ ಕೊಟ್ಟಿಗೆಯಲ್ಲಿ ಕೂತು ಕೇಳಿದೆ, "ಕಾಕಾ, ಹೊಲದಾಗ ನಿನ್ನ ಪಾಲು ನಿನಗ ಬೇಕಾ?" ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ "ವಿಚಾರ ಮಾಡಿ ಹೇಳ್ತೀನಿ" ಅಂದರು. ನಾನು ಕಾಯುತ್ತೇನೆ.

ಮಾಳಮಡ್ಡಿ ವಕೀಲೆ

ಶನಿವಾರ ಬನ್ನಿ. ಎರಡನೇ ಶನಿವಾರ ಕೋರ್ಟಿಗೆ ರಜೆ, ಅವತ್ತು ಇಡೀ ದಿನ ಇರುತ್ತೇನೆ. ಕಾಕಾನಿಗೆ ಅವಸರ ಮಾಡಬೇಡಿ.

ಬೆಟಗೇರಿ ತಾಯಿ

ಮೂರು ವಾರದ ಮೇಲೆ ಬರೆಯುತ್ತಿದ್ದೇನೆ. ಮಗ ಆರಾಮ ಇದ್ದಾನೆ. ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿದ್ದೆವು. ಒಬ್ಬ ವಕೀಲ ಹುಡುಗಿ ಮಗನ ಹತ್ತಿರ ಕೂತು ಮಾತಾಡಿದಳು. ನನ್ನನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿದಳು. ನನಗೆ ನೀವು ಬರೆದದ್ದು ನೆನಪಾಯಿತು, ಸುಮ್ಮನೆ ಕೂತೆ.

ಅವನೇ ಬರೆದ. ಇಂಜೆಕ್ಷನ್ ಕೊಡುವ ಮೊದಲು ನನಗೆ ಹೇಳಿ ಅಂತ ಬರೆದಿದ್ದಾನೆ. ಕೈಕಾಲು ಹಿಡಿಯುವವರು ಗುರುತಿನವರಾಗಿರಲಿ ಅಂತ ಬರೆದಿದ್ದಾನೆ. ನನ್ನ ರೇಡಿಯೋ ಜೊತೆಗೆ ಇರಲಿ ಅಂತ ಬರೆದಿದ್ದಾನೆ. ತನ್ನ ಪರವಾಗಿ ಮಾತಾಡುವ ಪ್ರತಿನಿಧಿ ಅನ್ನುವ ಕಡೆ ನನ್ನ ಹೆಸರು ಇರಲಿಲ್ಲ. ಮುಂಡರಗಿಯಲ್ಲಿರುವ ಅವನ ಗೆಳೆಯನ ಹೆಸರು ಬರೆದಿದ್ದ.

ಎದೆ ಧಸಕ್ ಅಂತು ಅಕ್ಕಾರ. ಒಂಬತ್ತು ವರ್ಷ ನಾನೇ ನೋಡಿಕೊಂಡಿದ್ದೇನೆ. ಬಸ್ಸಿನಲ್ಲಿ ಕಿಟಕಿ ಕಡೆ ಮುಖ ಮಾಡಿ ಕೂತಿದ್ದೆ. ಅವನೇ ಹೇಳಿದ: "ಅವ್ವಾ, ಆ ಹೊತ್ತಿನಾಗ ನಾನು ನಿನಗ ಬೈತೀನಿ. ಬೈಸ್ಕೊಂಡು ಮತ್ತ ನೀನ ಸಹಿ ಹಾಕೂದು ಬ್ಯಾಡ. ನೀನು ಊಟ ತಗೊಂಡ್ ಬಾ."

ಗೆಳೆಯನ ಒಪ್ಪಿಗೆ ಸಹಿ ಬೇಕಂತೆ. ನಾಳೆ ಬೆಳಗಿನ ಬಸ್ಸಿಗೆ ಇಬ್ಬರೂ ಮುಂಡರಗಿಗೆ ಹೊರಟಿದ್ದೇವೆ. ರಾತ್ರಿಯೇ ರೊಟ್ಟಿ ಬಡಿದು ಕಟ್ಟಿಟ್ಟಿದ್ದೇನೆ.